ಬಾಸೆಲ್ ಮಿಷನ್ ಶಾಲೆಯೂ ಕರಾವಳಿಯ ಕುಟುಂಬವೂ: ಮಂಗಳೂರಿನ 1844ರ ಪ್ರಕರಣವನ್ನು ಅನುಲಕ್ಷಿಸಿ

ಕನ್ನಡನಾಡಿನಲ್ಲಿ ಕ್ರೈಸ್ತ ಮಿಷನರಿಗಳು ಕೈಗೊಂಡ ಕಾರ್ಯವನ್ನು ಕುರಿತ ಬರಹಗಳಲ್ಲಿ ಮುದ್ರಣಾಲಯ, ಪತ್ರಿಕೆ, ನಿಘಂಟು, ಗ್ರಂಥಸಂಪಾದನೆ ಇವುಗಳಿಗೆ ದೊರೆತಿರುವ ಸ್ಥಾನ ದೊಡ್ಡದು. ಶಾಲೆಗಳ ವಿಚಾರ ಬಂದಾಗ ಅವುಗಳ ಸ್ಥಾಪನೆಯ ವರ್ಷ, ಸ್ಥಾಪಕರ ಹೆಸರು, ಕಲಿಸಿದ ವಿಷಯಗಳು ದಾಖಲಾಗಿವೆ. ಆದರೆ ಮಗನನ್ನು ಆ ಶಾಲೆಗೆ ಕಳುಹಿಸಿದ ಮನೆಯ ಕಡೆಯಿಂದ ಆ ಇತಿಹಾಸವನ್ನು ನೋಡುವ ಪ್ರಯತ್ನ ವಿರಳ. ಶಾಲೆಯ ಬಾಗಿಲಿನೊಳಗೆ ನಡೆದದ್ದಕ್ಕಿಂತ ಮನೆಯ ಬಾಗಿಲಿನೊಳಗೆ ನಡೆದದ್ದೇ ಅನೇಕ ವೇಳೆ ಹೆಚ್ಚು ದೂರಗಾಮಿಯಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ನಡೆಸಿದ ಇಂಗ್ಲಿಷ್ ಶಾಲೆ ಹಾಗೂ ಅಲ್ಲಿಂದ ಹೊರಬಂದ ಆನಂದರಾವ್ ಕೌಂಡಿನ್ಯರ ಕುಟುಂಬದ ಅನುಭವ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ.

ಬ್ರಿಟಿಷ್ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು 1833ರಲ್ಲಿ ನವೀಕರಿಸಿದಾಗ ಬ್ರಿಟನ್ನಿನವರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ಅವಕಾಶ ತೆರೆಯಿತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಗೊಂಡಿದ್ದ ಮಿಷನ್ ಈ ಅವಕಾಶವನ್ನು ಬಳಸಿಕೊಂಡಿತು. ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿಗೆ ಬಂದರು. ಆಗ ಕೆನರಾ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಅವರು ಬಂದ ಮೂರನೆಯ ವರ್ಷವೇ, 1837ರಲ್ಲಿ, ಕಲ್ಯಾಣಪ್ಪನ ಹೆಸರಿನಲ್ಲಿ ಪ್ರಸಿದ್ಧವಾದ ದಂಗೆಕೋರರು ಮಂಗಳೂರನ್ನು ಕೆಲವು ದಿನಗಳ ಮಟ್ಟಿಗೆ ವಶಪಡಿಸಿಕೊಂಡಿದ್ದರು. ದಂಗೆ ಅಡಗಿದ ಮೇಲೆ ನಡೆದ ಶಿಕ್ಷೆಗಳ ನೆನಪು ಪಟ್ಟಣದಲ್ಲಿ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಅಂದರೆ 1838ರಲ್ಲಿ, ಮಿಷನ್ನಿನ ಇಂಗ್ಲಿಷ್ ಶಾಲೆ ಆರಂಭವಾಯಿತು.

ಮೇಲುಜಾತಿಯ ಹಿಂದೂ ಗೃಹಸ್ಥರು ಈ ಶಾಲೆಗೆ ಮಕ್ಕಳನ್ನು ಏಕೆ ಕಳುಹಿಸಿದರು ಎಂಬ ಪ್ರಶ್ನೆಗೆ ಉತ್ತರ ಕಠಿಣವಲ್ಲ. ಥಾಮಸ್ ಮನ್ರೋ 1826ರಲ್ಲಿ ರೂಪಿಸಿದ್ದ ಜಿಲ್ಲಾ ಹಾಗೂ ತಾಲ್ಲೂಕು ಶಾಲೆಗಳ ಯೋಜನೆಯನ್ನು ಸರಕಾರ 1836ರಲ್ಲಿ ಕೈಬಿಟ್ಟಿತ್ತು. ಮೆಕಾಲೆಯ 1835ರ ಟಿಪ್ಪಣಿಯ ನಂತರ ಇಂಗ್ಲಿಷಿನ ಬೆಲೆ ಏರುತ್ತಿತ್ತು. ಕಚೇರಿ, ನ್ಯಾಯಾಲಯ, ಸುಂಕದ ಕಟ್ಟೆಗಳಲ್ಲಿ ತಲೆಮಾರುಗಳಿಂದ ಲೆಕ್ಕಪತ್ರದ ಉದ್ಯೋಗ ಹಿಡಿದಿದ್ದ ಸಾರಸ್ವತ ಮತ್ತಿತರ ಬ್ರಾಹ್ಮಣ ಕುಟುಂಬಗಳಿಗೆ ಈ ಬದಲಾವಣೆಯ ಅರ್ಥ ಬೇಗನೆ ತಿಳಿದಿತ್ತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಬಳಸುತ್ತಿದ್ದ ಈ ಜನರಿಗೆ ಇನ್ನೊಂದು ಭಾಷೆ ಭಾರವೆನಿಸಿರಲಾರದು. ಶಾಲೆಯಲ್ಲಿ ಇಂಗ್ಲಿಷ್ ಇತ್ತು, ಗಣಿತವಿತ್ತು, ಭೂಗೋಳವಿತ್ತು. ಇವುಗಳೊಡನೆ ಬೈಬಲ್ ಪಾಠವೂ ಕಡ್ಡಾಯವಾಗಿತ್ತು. ತಂದೆಯರು ಮೊದಲ ಮೂರನ್ನು ಬಯಸಿದರು, ನಾಲ್ಕನೆಯದನ್ನು ಸಹಿಸಿದರು. ಮಿಷನರಿಗಳು ನಾಲ್ಕನೆಯದಕ್ಕಾಗಿಯೇ ಮೊದಲ ಮೂರನ್ನು ಕಲಿಸಿದರು. ಉಭಯ ಪಕ್ಷಗಳಿಗೂ ಇದು ಗೊತ್ತಿದ್ದ ವಿಷಯವೇ. ಆದುದರಿಂದ ಒಂದು ಪಕ್ಷ ಇನ್ನೊಂದನ್ನು ವಂಚಿಸಿತೆಂದು ಹೇಳುವುದು ಸಮಂಜಸವಲ್ಲ; ಮಾತನಾಡದೆ ಮಾಡಿಕೊಂಡ ಒಂದು ಒಪ್ಪಂದ ಇದಾಗಿತ್ತು ಎನ್ನಬಹುದು.

ಈ ಒಪ್ಪಂದ ಮುರಿದುಬಿದ್ದುದು 1844ರ ಜನವರಿಯಲ್ಲಿ. ಮಂಗಳೂರಿನ ಶಾಲಾಕಾರ್ಯದ ಜೀವಾಳವಾಗಿದ್ದವರು ಹರ್ಮನ್ ಮೋಗ್ಲಿಂಗ್ (1811–1881). ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಿಂದ 1836ರಲ್ಲಿ ಬಂದಿದ್ದ ಇವರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ್ದರು. ಪತ್ರಿಕೆ ಹೊರಬರುತ್ತಿದ್ದ ಕಾಲದಲ್ಲೇ ಶಾಲೆಯ ಮೂವರು ಬ್ರಾಹ್ಮಣ ತರುಣರು, ಆನಂದರಾವ್ ಕೌಂಡಿನ್ಯ, ಭಗವಂತರಾವ್ ಮತ್ತು ಮುಕುಂದರಾವ್, ಮೋಗ್ಲಿಂಗರ ಆಶ್ರಯಕ್ಕೆ ಬಂದು ದೀಕ್ಷಾಸ್ನಾನ ಪಡೆದರು. ಆನಂದರಾಯರು ತಮ್ಮ ಗುರುವಿನ ಹೆಸರನ್ನೇ ಸ್ವೀಕರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಹೊಸ ಹೆಸರಿನಲ್ಲಿ ಮನೆಯವರು ಇಟ್ಟ ಹೆಸರನ್ನೂ ಗೋತ್ರದ ಹೆಸರನ್ನೂ ಬಿಟ್ಟುಕೊಡದೆ ಉಳಿಸಿಕೊಂಡುದು ಗಮನಾರ್ಹ ಅಂಶ.

ಪಟ್ಟಣದಲ್ಲಿ ಕೋಲಾಹಲವೆದ್ದಿತು. ಶಾಲೆಯಿಂದ ಹಿಂದೂ ವಿದ್ಯಾರ್ಥಿಗಳು ಹೊರನಡೆದರು. ಇಂತಹ ಘಟನೆ ಮಂಗಳೂರಿಗೆ ಮಾತ್ರ ವಿಶಿಷ್ಟವಾದುದಲ್ಲ. ಮದ್ರಾಸಿನಲ್ಲಿ ಜಾನ್ ಆಂಡರ್ಸನ್ ನಡೆಸುತ್ತಿದ್ದ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ 1841ರಲ್ಲಿ ಇಬ್ಬರು ವಿದ್ಯಾರ್ಥಿಗಳು ದೀಕ್ಷೆ ಪಡೆದಾಗಲೂ ನೂರಾರು ಮಕ್ಕಳಿದ್ದ ಶಾಲೆ ಒಮ್ಮೆಲೇ ಬರಿದಾಗಿತ್ತು. ಕೆಲವು ಕಾಲದ ನಂತರ ಮಕ್ಕಳು ಮರಳಿ ಬಂದರು. ಮತಾಂತರ, ಶಾಲೆ ಬರಿದಾಗುವುದು, ಮತ್ತೆ ತುಂಬುವುದು ಎಂಬ ಈ ಕ್ರಮ 19ನೆಯ ಶತಮಾನದ ಮಿಷನ್ ಶಾಲೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ವಿಧಿಯ ವಿಡಂಬನೆಯೆಂದರೆ ಅದೇ 1844ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರಕಾರಿ ಉದ್ಯೋಗದಲ್ಲಿ ಇಂಗ್ಲಿಷ್ ಕಲಿತವರಿಗೆ ಆದ್ಯತೆ ನೀಡುವ ನಿರ್ಣಯವನ್ನು ಹೊರಡಿಸಿದನು. ಮಗನನ್ನು ಶಾಲೆಯಿಂದ ಬಿಡಿಸಿದ ತಂದೆಯ ಮುಂದೆ ವರ್ಷ ತುಂಬುವ ಮೊದಲೇ ಆ ಶಾಲೆಯ ಉಪಯೋಗ ಇಮ್ಮಡಿಯಾಗಿ ನಿಂತಿತು.

ಕೌಂಡಿನ್ಯರ ಮನೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವೇಚಿಸುವುದು ಅವಶ್ಯ. 1825ರಲ್ಲಿ ಜನಿಸಿದ ಅವರು ದೀಕ್ಷೆಯ ಕಾಲಕ್ಕೆ ಹದಿನೆಂಟು ದಾಟಿದವರು. ಆದುದರಿಂದ ಇತರ ಕಡೆಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ, ಅಪ್ರಾಪ್ತ ಬಾಲಕ ಯಾರ ವಶದಲ್ಲಿರಬೇಕೆಂಬ ವಿವಾದಕ್ಕೆ ಇಲ್ಲಿ ಅವಕಾಶವಿರಲಿಲ್ಲ. ಆದರೆ ಆ ಕಾಲದ ಪದ್ಧತಿಯಂತೆ ಅವರಿಗೆ ಬಾಲ್ಯದಲ್ಲೇ ವಿವಾಹವಾಗಿತ್ತು. ಪತ್ನಿ ಲಕ್ಷ್ಮೀ ಪತಿಯನ್ನು ಅನುಸರಿಸಲಿಲ್ಲ. ಆಕೆಯ ಮನೆಯವರು ಒಪ್ಪುವ ಪ್ರಶ್ನೆಯೇ ಇರಲಿಲ್ಲ. ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರೊಡನೆ ಯುರೋಪಿಗೆ ತೆರಳಿ, ಬಾಸೆಲಿನ ಸೆಮಿನರಿಯಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾಗಿ ದೀಕ್ಷಿತರಾಗಿ ಹಿಂದಿರುಗಿದರು. ಬಂದ ಮೇಲೂ ದಾಂಪತ್ಯ ಕೂಡಲಿಲ್ಲ. ಕೊನೆಗೆ 1860ರಲ್ಲಿ ಅವರು ಜರ್ಮನಿಯಿಂದ ಬಂದ ಮೇರಿ ರೈನ್‌ಹಾರ್ಡ್ ಎಂಬವರನ್ನು ವಿವಾಹವಾದರು. ದೀಕ್ಷೆಗೂ ಈ ವಿವಾಹಕ್ಕೂ ನಡುವೆ ಹದಿನಾರು ವರ್ಷಗಳ ಅಂತರವಿದೆ.

ಈ ಹದಿನಾರು ವರ್ಷಗಳನ್ನು ಮಿಷನ್ನಿನ ಬರಹಗಳು ಕೌಂಡಿನ್ಯರ ತಾಳ್ಮೆಯ ಕಾಲವೆಂದು ಕಾಣುತ್ತವೆ. ಅದು ಸತ್ಯವೇ. ಆದರೆ ಆ ವರ್ಷಗಳು ಲಕ್ಷ್ಮೀಯವರಿಗೂ ಸಂದವು. ಅಂದಿನ ಸಾಮಾಜಿಕ ಹಾಗೂ ಕಾನೂನಿನ ವ್ಯವಸ್ಥೆಯಲ್ಲಿ ಆಕೆಯ ಸ್ಥಾನವೇನು? ಜಾತಿಯಿಂದ ಹೊರಗಾದವನಿಗೆ ಬದುಕಿದ್ದಾಗಲೇ ಘಟಶ್ರಾದ್ಧ ಮಾಡಿ ಸತ್ತವನೆಂದು ಭಾವಿಸುವ ಪದ್ಧತಿ ಬ್ರಾಹ್ಮಣ ಸಮಾಜಗಳಲ್ಲಿತ್ತು. ಸಮಾಜದ ದೃಷ್ಟಿಯಲ್ಲಿ ಇಂತಹವನ ಪತ್ನಿ ವಿಧವೆಗೆ ಸಮಾನಳು. ಕಾನೂನಿನ ದೃಷ್ಟಿಯಲ್ಲಿ ಸಧವೆ. 1856ರ ವಿಧವಾ ಪುನರ್ವಿವಾಹ ಕಾಯಿದೆ ಗಂಡ ತೀರಿಕೊಂಡ ಸ್ತ್ರೀಯರಿಗೆ ಮಾತ್ರ ಅನ್ವಯಿಸುವಂಥದು. ಮತಾಂತರದ ಕಾರಣದಿಂದ ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರನ್ನು ತೊರೆದಾಗ ವಿವಾಹವನ್ನು ನ್ಯಾಯಾಲಯದ ಮೂಲಕ ರದ್ದುಪಡಿಸುವ ಕಾಯಿದೆ ಬಂದುದು 1866ರಲ್ಲಿ. ಅದರಲ್ಲಿಯೂ ದಾವೆ ಹೂಡುವ ಹಕ್ಕು ದೊರೆತುದು ಮತಾಂತರ ಹೊಂದಿದವರಿಗೇ ಹೊರತು ಮನೆಯಲ್ಲಿ ಉಳಿದವರಿಗಲ್ಲ. ಹೀಗೆ ಬಿಟ್ಟುಹೋದವರಿಗೆ ಹೊಸ ಜೀವನದ ದಾರಿ ಕ್ರಮೇಣ ಸುಗಮವಾಯಿತು, ಉಳಿದವರಿಗೆ ಆಗಲಿಲ್ಲ. ಶಾಲೆಯ ಇತಿಹಾಸದಲ್ಲಿ ಈ ಸ್ತ್ರೀಯ ಹೆಸರು ಒಂದು ಅಡ್ಡಮಾತಿನಂತೆ ಬಂದು ಹೋಗುತ್ತದೆ. ವಾಸ್ತವದಲ್ಲಿ ಶಾಲೆಯ ಮೆಟ್ಟಿಲನ್ನೇ ತುಳಿಯದೆ ಅದರ ಪರಿಣಾಮವನ್ನು ಪೂರ್ತಿಯಾಗಿ ಉಂಡವರು ಇಂತಹವರೇ.

ಆಸ್ತಿಯ ಪ್ರಶ್ನೆ ಇಷ್ಟೇ ಜಟಿಲವಾಗಿತ್ತು. ಜಾತಿ ಅಥವಾ ಮತ ಬಿಟ್ಟ ಕಾರಣಕ್ಕೆ ಪಿತ್ರಾರ್ಜಿತದ ಹಕ್ಕು ನಷ್ಟವಾಗುವುದನ್ನು 1850ರ 21ನೆಯ ಕಾಯಿದೆ ತಡೆಯಿತು. ಹಿಂದೂ ಸಮಾಜದ ಗಣ್ಯರು ಇದನ್ನು ತೀವ್ರವಾಗಿ ವಿರೋಧಿಸಿದ್ದುಂಟು. ಮಕ್ಕಳ ಕಟ್ಟಿನ ಕುಟುಂಬಗಳಿಗೆ ಈ ಕಾಯಿದೆಯಿಂದ ಸ್ಪಷ್ಟ ಪರಿಣಾಮವಾಯಿತು. ಆದರೆ ಮಿಷನ್ ಸಭೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದ ಬಿಲ್ಲವರಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಅಲ್ಲಿ ಆಸ್ತಿ ತಾಯಿಯ ಕವಲಿನ ಇಡೀ ಕುಟುಂಬಕ್ಕೆ ಸೇರಿದ್ದು. ಒಬ್ಬ ಸದಸ್ಯ ತನ್ನ ಪಾಲನ್ನು ಬಲವಂತವಾಗಿ ಬೇರ್ಪಡಿಸಿಕೊಳ್ಳುವಂತಿಲ್ಲವೆಂದು ಮದ್ರಾಸ್ ಹೈಕೋರ್ಟು 1863ರಲ್ಲಿ ತೀರ್ಮಾನಿಸಿತು. ಹಕ್ಕು ಇದೆಯೆಂದು ಕಾಯಿದೆ ಹೇಳಿದರೂ ಮನೆಯಲ್ಲಿ ಒಟ್ಟಿಗೆ ಉಂಡು ಅದನ್ನು ಅನುಭವಿಸಬೇಕು. ಒಟ್ಟಿಗೆ ಉಣ್ಣಲಾಗದವನಿಗೆ ಆ ಹಕ್ಕಿನಿಂದ ಬಂದುದೇನು? ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದುದರ ಹಿಂದೆ ಹೀಗೆ ಮನೆ, ಗೇಣಿ, ಕಸುಬು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವ ತುರ್ತು ಇತ್ತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಖ್ಯಾತಿ ಎಲ್ಲರಿಗೂ ತಿಳಿದುದೇ.

ಕುಟುಂಬ ಒಡೆದ ಕಡೆ ಮಿಷನ್ನೇ ಕುಟುಂಬದ ರೂಪ ತಾಳಲು ಯತ್ನಿಸಿತು. ಮೋಗ್ಲಿಂಗ್ ಮಂಗಳೂರಿನಲ್ಲಿ ವಿದ್ಯಾರ್ಥಿಗಳೊಡನೆಯೇ ವಾಸಿಸುವ ಕ್ರಮವನ್ನಿಟ್ಟುಕೊಂಡಿದ್ದರು. 1853ರಲ್ಲಿ ಅವರು ಕೊಡಗಿಗೆ ತೆರಳಿದ ನಂತರ ಅಲ್ಲಿ ಸ್ಥಾಪನೆಗೊಂಡ ಕ್ರೈಸ್ತ ವಸತಿಗೆ ಆನಂದಪುರ ಎಂಬ ಹೆಸರು ಬಂದುದು ಆನಂದರಾಯರಿಂದ. ಅಲ್ಲಿ ನೆಲೆಸಿದವರು ಬಹುಮಟ್ಟಿಗೆ ಹೊಲೆಯ ಸಮುದಾಯದವರು. ಮಂಗಳೂರಿನ ಬ್ರಾಹ್ಮಣ ಗೃಹದಿಂದ ಹೊರಬಿದ್ದವನ ಹೆಸರಿನಲ್ಲಿ ಭೂಮಿಯಿಲ್ಲದವರ ಊರೊಂದು ಕಟ್ಟಲ್ಪಟ್ಟಿತೆಂಬುದು, ಯಾವ ದೃಷ್ಟಿಯಿಂದ ನೋಡಿದರೂ, ಸಣ್ಣ ಸಂಗತಿಯಲ್ಲ.

ಇನ್ನೊಂದು ಬಗೆಯ ಅನುಭವವೂ ಉಂಟು. ಬಯಲುಸೀಮೆಯ ಮೈಸೂರು ಸಂಸ್ಥಾನದಲ್ಲಿ 1876–78ರ ಭೀಕರ ಕ್ಷಾಮದ ನಂತರ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ತೆರೆಯಿತು. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿದ್ದುದು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅರಸೀಕೆರೆ, ಹಳೇಬೀಡು, ಮಾದಿಹಳ್ಳಿಗಳಂತಹ, ಮಲೆನಾಡಿನ ಮಳೆ ಪೂರ್ತಿ ತಲುಪದ, ಕೆರೆಯ ನೀರನ್ನೇ ನಂಬಿದ ಊರುಗಳ ಜನಕ್ಕೆ ಹಾಸನವೇ ಜಿಲ್ಲೆಯ ಮುಖ್ಯ ಪಟ್ಟಣ. ಮಂಗಳೂರಿನಲ್ಲಿ ಮಗ ಶಾಲೆಯಿಂದ ಮನೆಗೆ ಮರಳದೆ ಹೋದ. ಹಾಸನದಲ್ಲಿ ಮರಳಲು ಮನೆಯೇ ಇರಲಿಲ್ಲ. ಅಲ್ಲಿ ಶಾಲೆಯನ್ನು ಪ್ರಶ್ನಿಸುವ ತಂದೆ ಇರಲಿಲ್ಲ, ಬಿಡಿಸಿಕೊಂಡು ಹೋಗುವ ತಾಯಿ ಇರಲಿಲ್ಲ. ಅನ್ನ, ಬಟ್ಟೆ, ಅಕ್ಷರ, ಕಸೂತಿಗಳೊಡನೆ ವಯಸ್ಸಿಗೆ ಬಂದ ಹುಡುಗಿಗೆ ವರನನ್ನು ಹುಡುಕುವ ಕಾರ್ಯವೂ ಇಂತಹ ಸಂಸ್ಥೆಗಳ ಪಾಲಿಗೆ ಬಂದಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಊರಿನ ಕುಲೀನ ಮನೆಗಳು ಹಿಂಜರಿಯುತ್ತಿದ್ದ ದಿನಗಳಲ್ಲಿ ಕ್ಷಾಮದಲ್ಲಿ ದಿಕ್ಕಿಲ್ಲದಾದ ಮಕ್ಕಳು ಅಕ್ಷರಸ್ಥರಾದರು.

ಮತ್ತೆ ಮಂಗಳೂರಿಗೆ ಬಂದರೆ, 1854ರ ವುಡ್ ಅವರ ಶಿಕ್ಷಣ ಸಂದೇಶ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯುವಂತೆ ಮಾಡಿತು. ಮಿಷನ್ ಶಾಲೆಯೂ ಕ್ರಮೇಣ ಪರೀಕ್ಷೆ, ತಪಾಸಣೆ, ನಿಗದಿತ ಪಠ್ಯಗಳ ಚೌಕಟ್ಟಿಗೆ ಒಳಪಟ್ಟಿತು. ಹಿಂದೂ ಮನೆಗಳು ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಮೊದಲಿನ ನಿಶ್ಚಿಂತೆ ಉಳಿದಿರಲಿಲ್ಲ. ಜೆಸುಯಿಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಬಾಲಕಿಯರ ಶಾಲೆಯನ್ನೂ ಸ್ಥಾಪಿಸಿದರು. ಬೈಬಲ್ ಪಾಠವಿಲ್ಲದ ಇಂಗ್ಲಿಷ್ ಶಿಕ್ಷಣ, ಅದೂ ಊರಿನವರದೇ ಆಡಳಿತದಲ್ಲಿ ದೊರೆಯುವಂತಾದುದು ಹೀಗೆ. ಈ ಉಪಕ್ರಮಗಳಿಗೆ ಪ್ರೇರಣೆ ಹಲವಿದ್ದರೂ, ಮಗನನ್ನು ಶಾಲೆಗೆ ಕಳುಹಿಸಿಯೂ ಮನೆಯಲ್ಲಿ ಉಳಿಸಿಕೊಳ್ಳಬೇಕೆಂಬ ಗೃಹಸ್ಥರ ಹಂಬಲವನ್ನು ಅವುಗಳಲ್ಲಿ ಗುರುತಿಸದಿರಲು ಸಾಧ್ಯವಿಲ್ಲ.

ಸ್ವಾರಸ್ಯದ ವಿಷಯವೆಂದರೆ ಮನೆಯಲ್ಲಿಯೇ ಉಳಿದವರಿಗೂ ಬಹಿಷ್ಕಾರ ತಪ್ಪಲಿಲ್ಲ. ಸಾರಸ್ವತರೇ ಆದ ಕುದ್ಮುಲ್ ರಂಗರಾವ್ (1859–1928) 1892ರಲ್ಲಿ ಮಂಗಳೂರಿನಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಶಾಲೆ ತೆರೆದರು. ಅವರು ಮತ ಬದಲಿಸಿದವರಲ್ಲ. ಬ್ರಹ್ಮಸಮಾಜದ ಪ್ರಭಾವಕ್ಕೆ ಒಳಗಾದವರು. ಆದರೂ ಸ್ವಜಾತಿಯವರ ತಿರಸ್ಕಾರವನ್ನು ಅವರೂ ಅವರ ಮನೆಯವರೂ ಅನುಭವಿಸಬೇಕಾಯಿತು. ಆ ಶಾಲೆ ಆರಂಭವಾದ ಮರುವರ್ಷ, 1893ರಲ್ಲಿ, ಹರ್ಮನ್ ಆನಂದರಾವ್ ಕೌಂಡಿನ್ಯರು ತೀರಿಕೊಂಡರು.