ಆಕಾಶದಲ್ಲಿ ದನ ಅಟ್ಟಿದವರು, ಕನ್ನಂಬಾಡಿಯಲ್ಲಿ ಫಿರಂಗಿ ಎಳೆದವರು

1.
ಮೊದಲನೇ ಫೋಟೋ ಪಾಂಡವಪುರದ ಕುಂತಿ ಬೆಟ್ಟದ್ದು. ಸಂಜೆ ಹೊತ್ತು, ಬಂಡೆ, ಧೂಳು, ಕೆಂಪಗಿನ ಆಕಾಶ. ಟೋಪಿ ಹಾಕ್ಕೊಂಡು ಕುದುರೆ ಮೇಲೆ ಯಾರಾದ್ರೂ ಬಂದಿದ್ರೆ ಇದು ಕೌಬಾಯ್ ಸಿನಿಮಾ ಅಂತ ನೀವು ನಂಬಿಬಿಡ್ತಿದ್ರಿ. ಬಂದಿದ್ದು ಎಕ್ಸೆಲ್ ಮೇಲೆ ಹುಲ್ಲಿನ ಹೊರೆ ಇಟ್ಕೊಂಡ ಒಬ್ಬ ಅಣ್ಣ. "ಫೋಟೋ ತೆಗೆದಿದ್ದಾಯ್ತಾ, ದಾರಿ ಬಿಡಪ್ಪ" ಅಂದ್ರು.

ಆಗ ನನ್ನ ಕಿವಿಯಲ್ಲಿ ಓಡ್ತಿದ್ದ ಹಾಡಿನಿಂದ ಈ ಸರಣಿ ಶುರುವಾಯ್ತು.

2.
ಹಾಡಿನ ಹೆಸರು 'ಘೋಸ್ಟ್ ರೈಡರ್ಸ್ ಇನ್ ದಿ ಸ್ಕೈ'. ಬರೆದವನು ಸ್ಟಾನ್ ಜೋನ್ಸ್, 1948ರಲ್ಲಿ. ಅವನು ಆಗ ಅಮೆರಿಕದ ಡೆತ್ ವ್ಯಾಲಿಯಲ್ಲಿ ಪಾರ್ಕ್ ರೇಂಜರ್. ಕಥೆ ಇಷ್ಟೇ: ಗಾಳಿ ಬೀಸೋ ಒಂದು ದಿನ ಒಬ್ಬ ಮುದಿ ಕೌಬಾಯ್ ಮೇಲೆ ನೋಡ್ತಾನೆ. ಮೋಡದ ನಡುವೆ ಕೆಂಡದ ಕಣ್ಣಿನ ದನದ ಹಿಂಡು ಓಡ್ತಿದೆ, ಹಿಂದೆ ಸತ್ತುಹೋದ ಸವಾರರು ಅಟ್ಟಿಸಿಕೊಂಡು ಬರ್ತಿದಾರೆ. ಆ ಹಿಂಡು ಅವರ ಕೈಗೆ ಯಾವತ್ತೂ ಸಿಗಲ್ಲ. "ನೀನೂ ಸರಿಹೋಗದಿದ್ರೆ ನಮ್ಮ ಗತಿಯೇ ನಿಂಗೂ" ಅನ್ನೋ ಅರ್ಥದ ಎಚ್ಚರಿಕೆ ಕೊಟ್ಟು ಹೋಗ್ತಾರೆ.

1949ರಲ್ಲಿ ವಾನ್ ಮನ್ರೋ ಹಾಡಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಒಯ್ದ. 1979ರಲ್ಲಿ ಜಾನಿ ಕ್ಯಾಶ್ ಹಾಡಿದ. ನಾನು ಕೇಳ್ತಿದ್ದದ್ದು ಔಟ್‌ಲಾಸ್ ಅನ್ನೋ ಬ್ಯಾಂಡ್‌ದು, 1980. ಅದು ಪಕ್ಕಾ ಕಂಟ್ರಿ ರಾಕ್. ಹಳ್ಳಿ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಕಟ್ಟಿದ್ರೆ ಕಂಟ್ರಿ ರಾಕ್ ಅಂದ್ಕೊಳ್ಳಿ; ನಮ್ಮಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಪದ ಹಾಡಿದ ಹಾಗೆ. ಈಗಲ್ಸ್ ಬ್ಯಾಂಡ್ 1973ರಲ್ಲಿ ಹಳೇ ದರೋಡೆಕೋರರ ಗ್ಯಾಂಗ್ ಮೇಲೆ 'ಡೆಸ್ಪರಾಡೊ' ಅಂತ ಇಡೀ ಆಲ್ಬಮ್ಮನ್ನೇ ಮಾಡಿತ್ತು.

ನಂಗೆ ತಲೆಕೆಟ್ಟಿದ್ದು ಬೇರೆ ವಿಷಯಕ್ಕೆ. ಟೆಕ್ಸಸ್‌ನಿಂದ ಕಾನ್ಸಸ್‌ನ ರೈಲ್ವೆ ಸ್ಟೇಷನ್ನಿಗೆ ಸಾವಿರಾರು ದನ ಅಟ್ಟಿಕೊಂಡು ಹೋಗ್ತಿದ್ದ ಆ ಕಾಲ ಉಳಿದಿದ್ದು ಹೆಚ್ಚುಕಮ್ಮಿ 20 ವರ್ಷ. 1865ಕ್ಕೆ ಅಂತರ್ಯುದ್ಧ ಮುಗೀತು, ದನದ ದಾರಿ ತೆರೀತು. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಸಿಕ್ತು, ಬಯಲಿಗೆ ಬೇಲಿ ಬಿತ್ತು, 1880ರ ದಶಕದ ಕೊನೆಗೆ ಆಟ ಖತಂ. ಆ ಸವಾರರಲ್ಲಿ ಕಪ್ಪು ಜನ, ಮೆಕ್ಸಿಕೊದವರು ತುಂಬಾ ಇದ್ರು. ಸಿನಿಮಾ ಅವರನ್ನ ಮರೆತು ಬಿಳಿ ಮುಖ ಮಾತ್ರ ಇಟ್ಕೊಳ್ತು. ಆದ್ರೂ ಆ 20 ವರ್ಷದ ಮೇಲೆ ಎಷ್ಟು ಹಾಡು!

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ದನಗಳು ಯುದ್ಧಾನೇ ನಿಲ್ಸಿವೆ ಕಣ್ರಪ್ಪಾ. ಒಂದು ಹಾಡು ಹೇಳಿ ನೋಡೋಣ?

3.
ಈ ಭಾಗ ಸ್ವಲ್ಪ ಉದ್ದ, ಓದಿ.

ಶ್ರೀರಂಗಪಟ್ಟಣ ಅಂದ್ರೆ ಟಿಪ್ಪು, ಕೋಟೆ, ರಾಕೆಟ್ಟು ಅಂತೀವಿ. ರಾಕೆಟ್ಟಿಗಿಂತ ಮುಂಚೆ ಎತ್ತು ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಅನ್ನೋ ಇಲಾಖೆ ಇತ್ತು. ಅದನ್ನೇ ಟಿಪ್ಪು 'ಅಮೃತ್ ಮಹಲ್' ಅಂತ ಕರೆದ. ಹೆಸರಲ್ಲಿ ಬೆಣ್ಣೆ, ಅಮೃತ. ಕೆಲಸ ಫಿರಂಗಿ ಎಳೆಯೋದು. ಈ ತಳಿಯ ಮೂಲ ನಮ್ಮ ಹಳ್ಳಿಕಾರ್. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ ಅಂತ ಹಳೇ ಗೆಜೆಟಿಯರ್ ಹೇಳುತ್ತೆ.

ಈಗ 1791ರ ಮೇ. ಬೆಂಗಳೂರು ಗೆದ್ದ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ದೊಡ್ಡ ಫಿರಂಗಿ ಎಳೆಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟ. ದಾರಿಯ ಮೇವನ್ನೆಲ್ಲಾ ಟಿಪ್ಪು ಮೊದಲೇ ಖಾಲಿ ಮಾಡ್ಸಿದ್ದ. ಮಳೆ ಬೇರೆ ಹಿಡ್ಕೊಂಡಿತ್ತು. ಮೇ 15ಕ್ಕೆ ಅರಕೆರೆ ಹತ್ರ ಕಾಳಗ, ಇಂಗ್ಲಿಷರೇ ಗೆದ್ದರು. ಗೆದ್ದು ಏನು ಬಂತು? ಎತ್ತುಗಳಿಗೆ ಮೇವಿಲ್ಲ, ಮೇಲೆ ರೋಗ. ಸಾಲುಸಾಲಾಗಿ ಸತ್ತವು. ನೊಗಕ್ಕೆ ಕಟ್ಟೋಕೆ ಎತ್ತಿಲ್ಲದೆ ಸಿಪಾಯಿಗಳೇ ಫಿರಂಗಿಗೆ ಹಗ್ಗ ಹಾಕಿ ಎಳೆದರು. ಹೊಳೆಯುದ್ದಕ್ಕೂ ಕನ್ನಂಬಾಡಿ ತನಕ ಎಳ್ಕೊಂಡು ಬಂದು, ಇನ್ನಾಗಲ್ಲ ಅಂತ ತಮ್ಮ ಫಿರಂಗಿಗಳನ್ನ ತಾವೇ ಒಡೆದು ಹಾಕಿದ್ರು. ಕೋಟೆ ಕಣ್ಣಿಗೆ ಕಾಣ್ತಿದೆ, ವಾಪಸ್ ಹೋಗಬೇಕು.

ಆಮೇಲಿನ ಸೀನ್ ಕೇಳಿ. ಹಸಿದ ಸೈನ್ಯ ಹಿಂದಕ್ಕೆ ಕಾಲೆಳೀತಿದೆ. ಮೇಲುಕೋಟೆ ದಿಕ್ಕಿನಿಂದ ಕುದುರೆ ಸವಾರರು! ಟಿಪ್ಪುವಿನವರು ಅಂದ್ಕೊಂಡು ಇವರು ಹೊಡೆದಾಟಕ್ಕೆ ಸಜ್ಜಾದರು. ನೋಡಿದ್ರೆ ತಮ್ಮದೇ ಪಕ್ಷದ ಮರಾಠರು. ಅವರು ಬರೋ ಸುದ್ದಿ ಹೊತ್ತ ಕಾಗದಗಳನ್ನ ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರಿಂದ ಕಾರ್ನ್‌ವಾಲಿಸ್‌ಗೆ ಏನೂ ಗೊತ್ತಿರಲಿಲ್ಲ. ಯಾವ ಕೌಬಾಯ್ ಸಿನಿಮಾ ಬೇಕು ಹೇಳಿ ಇದರ ಮುಂದೆ.

ಮುಂದಿನ ವರ್ಷ, ಅಂದ್ರೆ 1792ರ ಫೆಬ್ರುವರಿಯಲ್ಲಿ, ಅವನು ಮತ್ತೆ ಬಂದು ಗೆದ್ದ. ಆ ಸಲ ಬಂಜಾರರು, ನಾವು ಲಂಬಾಣಿಗರು ಅಂತೀವಲ್ಲ, ಸಾವಿರಾರು ಹೇರೆತ್ತಿನ ಮೇಲೆ ಧಾನ್ಯ ತಂದು ಸೈನ್ಯ ಸಾಕಿದ್ರು. ಗೆದ್ದವರ ಹೆಸರು ಬೋರ್ಡ್ ಮೇಲಿದೆ. ಎತ್ತು ಹೊಡೆದವರಲ್ಲಿ ಒಬ್ಬನ ಹೆಸರೂ ನಂಗೆ ಸಿಕ್ಕಿಲ್ಲ.

ನಾಗಮಂಗಲದವರು ಬೇಜಾರು ಮಾಡ್ಕೋಬೇಡಿ, ನಿಮ್ಮೂರಿನ ಪಾಲಿಗೆ ಬಂದದ್ದು ಬರೀ ನಷ್ಟ. ಅದೇ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಊರನ್ನ ಹಾಳುಗೆಡವಿತು. ಪಾಂಡವಪುರಕ್ಕೆ ಹೊಸ ಹೆಸರೇ ಅಂಟಿಕೊಳ್ತು: ಹೈದರ್, ಟಿಪ್ಪು ಕೈಕೆಳಗಿನ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ 'ಫ್ರೆಂಚ್ ರಾಕ್ಸ್'.

4.
1799ರ ಮೇ 4ಕ್ಕೆ ಕೋಟೆ ಬಿತ್ತು. ಎತ್ತುಗಳೂ ಇಂಗ್ಲಿಷರ ಕೈಗೆ ಹೋದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠಾ ಯುದ್ಧಕ್ಕೆ ಇದೇ ಮೈಸೂರು ಎತ್ತುಗಳನ್ನ ಒಯ್ದ. 1860ರಲ್ಲಿ ಖರ್ಚು ಜಾಸ್ತಿ ಅಂತ ಹಿಂಡುಗಳನ್ನ ಮಾರಿಬಿಟ್ಟರು, ತಪ್ಪು ಅರ್ಥ ಆಗಿ 1866ರಲ್ಲಿ ಮತ್ತೆ ಕಟ್ಟಿದರು. ಈಗ ಆ ತಳಿ ನೋಡ್ಬೇಕಂದ್ರೆ ಅಜ್ಜಂಪುರಕ್ಕೆ ಹೋಗಬೇಕು. ಅವು ಮೇಯ್ತಿದ್ದ ಹುಲ್ಲುಗಾವಲಿಗೆ 'ಕಾವಲು' ಅಂತಾರೆ. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ಸಂಶೋಧನಾ ಸಂಸ್ಥೆಗಳ ಕಾಂಪೌಂಡ್ ಒಳಗಿದೆ. ಮುಳ್ಳುತಂತಿ ನಮ್ಮಲ್ಲಿ ಸ್ವಲ್ಪ ತಡವಾಗಿ ಬಂತು ಅಷ್ಟೇ.

5.
ಹಾಡು ಇಲ್ಲ ಅಂತ ನಾನು ಹೇಳಿದ್ದಕ್ಕೆ ತಂಗಿ ನಕ್ಕಳು. "ಗೋವಿನ ಹಾಡು ಮರೆತೋಯ್ತೇನೋ ಅಣ್ಣ?"

ಹೌದಲ್ವಾ! ಕೊಳಲು ಊದೋ ಗೊಲ್ಲ ಕಾಳಿಂಗ, ಹಸುಗಳನ್ನ ಒಂದೊಂದಾಗಿ ಹೆಸರು ಹಿಡಿದು ಕರೆಯೋದು, ಕಾಡು, ಅರ್ಬುತ ಹುಲಿ, ಕೊಟ್ಟ ಮಾತು. ಇದಕ್ಕಿಂತ ದೊಡ್ಡ ದನಗಾಹಿ ಹಾಡು ಯಾವುದಿದೆ? ಬರೆದವರು ಯಾರು ಅಂತ ಯಾರಿಗೂ ತಿಳಿದಿಲ್ಲ, ಆದ್ರೂ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನ ಕೇಳಿದ್ರೂ ನಾಲ್ಕು ಸಾಲು ಹೇಳ್ತಾರೆ. ಸ್ಟಾನ್ ಜೋನ್ಸ್ ಹಾಡಿನ ದನಗಳಿಗೆ ಹೆಸರಿಲ್ಲ, ಅವು ದೆವ್ವದ ಹಿಂಡು. ನಮ್ಮ ಹಾಡಲ್ಲಿ ಹಸು ಬರೀ ಹಿಂಡಿನ ಲೆಕ್ಕ ಅಲ್ಲ, ಅದಕ್ಕೆ ಹೆಸರಿದೆ, ಕರು ಇದೆ, ಬಾಯಿಯೂ ಇದೆ. ನಿಜದ ಕೌಬಾಯ್‌ಗಳು ರಾತ್ರಿ ದನ ಬೆದರದಿರಲಿ ಅಂತ ಮೆಲ್ಲಗೆ ಹಾಡ್ತಿದ್ರಂತೆ. ಅವರ ಆ ಹಾಡಿಗೂ ಕಾಳಿಂಗನ ಕೊಳಲಿಗೂ ನಂಟಿದೆ ಅನ್ಸುತ್ತೆ ನಂಗೆ. ಎಲೆಕ್ಟ್ರಿಕ್ ಗಿಟಾರಿಗೆ ಅಷ್ಟಿಲ್ಲ.

ಇನ್ನೊಂದು. ಆ ಫಿರಂಗಿ ಒಡೆದ ಹಳೇ ಕನ್ನಂಬಾಡಿ ಕೆಆರ್‌ಎಸ್ ನೀರೊಳಗೆ ಮುಳುಗಿತು. ಅಲ್ಲಿದ್ದ ಹೊಯ್ಸಳರ ಕಾಲದ ಗುಡಿಯನ್ನ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಒಳಗಿರೋ ದೇವರು ಯಾರು ಗೊತ್ತಾ? ವೇಣುಗೋಪಾಲ. ಕೊಳಲು ಹಿಡಿದ ದನಗಾಹಿ. (ಮೂರನೇ ಫೋಟೋ ನೋಡಿ.)

6.
ಕೊನೇ ಫೋಟೋ ಕೆ.ಆರ್.ಪೇಟೆ ತಾಲ್ಲೂಕು ಹೇಮಗಿರಿ ದನಗಳ ಜಾತ್ರೆ. ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಿರೋ ಇಬ್ಬರಲ್ಲಿ ಬಲಗಡೆಯವರು ನಮ್ಮ ತಾತ. ಆವತ್ತು ಮಾರಿದ್ದು ನಮ್ಮನೆಯ ಕೊನೇ ಜೋಡೆತ್ತು, ಎರಡೂ ಹಳ್ಳಿಕಾರ್. ಉಳುವಾಗ ಅವಕ್ಕೆ ತಾತ ಏನೋ ರಾಗ ಎಳೀತಿದ್ರು. ಪದ ಕಮ್ಮಿ, ಬರೀ ಕೂಗಿನ ಹಾಗೆ, ಸಾಲು ತಿರುಗೋ ಜಾಗದಲ್ಲಿ ಮಾತ್ರ ದನಿ ಏರೋದು. ಮೊನ್ನೆ ಫೋನ್ ಹಿಡಿದು "ಹಾಡು ತಾತ" ಅಂದೆ. "ಎತ್ತಿಲ್ದೆ ಹೆಂಗ್ಲಾ ಹಾಡೋದು" ಅಂತ ಎದ್ದು ಹೋದ್ರು.

ಅದಕ್ಕೇ ಕೇಳ್ತಿದೀನಿ. ನಿಮ್ಮನೇಲಿ ಕೊಟ್ಟಿಗೆ ಇನ್ನೂ ಖಾಲಿ ಆಗಿಲ್ಲ, ಎತ್ತಿನ ಹಿಂದೆ ರಾಗ ತೆಗೆಯೋರು ಇದಾರೆ ಅಂದ್ರೆ, ಈ ಸಲ ಮಳೆ ಬಿದ್ದು ಉಳುಮೆ ಶುರುವಾದಾಗ ದೂರ ನಿಂತು ರೆಕಾರ್ಡ್ ಮಾಡಿ. ಹೇಳಿ ಮಾಡ್ಸಬೇಡಿ, ಸುಮ್ನೆ ಆಗ್ತಿರುವಾಗ. ಊರಿನ ಹೆಸರು, ಎತ್ತಿನ ಹೆಸರು ಬರೆದು ಡಿಎಂ ಕಳ್ಸಿ.