ನಾಲಗೆಯ ಗರಡಿಮನೆ

ಪರಭಾಷೆ ಕಲಿಸುವುದಕ್ಕೆ ಯಂತ್ರವನ್ನು ಕರೆಯುವುದು ಇಂದಿನ ಮಾತಲ್ಲ. ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದ್ದು 1877ರಲ್ಲಿ. 1901ರಲ್ಲಿಯೇ ಲಂಡನ್ನಿನಲ್ಲಿ ಜಾಕ್ ರಾಸ್ಟನ್ ಎಂಬಾತ ಲಿಂಗ್ವಾಫೋನ್ ಸಂಸ್ಥೆಯನ್ನು ತೆರೆದು, ಮೇಣದ ಉರುಳೆಗಳಲ್ಲಿ ಪಾಠ ತುಂಬಿ ಮಾರತೊಡಗಿದ. ಮೇಷ್ಟರನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದುಕೊಳ್ಳುವ ಆಸೆ ಅಂದಿನಿಂದ ಮನುಷ್ಯನನ್ನು ಬಿಟ್ಟಿಲ್ಲ. ಈಗ ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರುಗಳ ಸಾಲಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ‘ಲ್ಯಾಂಗ್ವೇಜ್ ಲ್ಯಾಬ್’ ಸಾಫ್ಟ್‌ವೇರಿನೊಡನೆ ಮಾತಾಡುವ ಹುಡುಗರನ್ನು ಕಂಡಾಗ, ಈ ಆಸೆಯ ಹಳೆಯ ಲೆಕ್ಕವನ್ನು ಒಮ್ಮೆ ತಿರುವಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಆ ಲೆಕ್ಕದ ಬಹುಭಾಗ ಇರುವುದು ಅಮೆರಿಕದಲ್ಲಿ.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಲ್ಲಿನ ಸೈನ್ಯ ತನ್ನ ತರುಣರಿಗೆ ಜಪಾನಿ, ರಷ್ಯನ್ ಮುಂತಾದ ಭಾಷೆಗಳನ್ನು ಕಲಿಸಲು ವಿಶ್ವವಿದ್ಯಾನಿಲಯಗಳ ಮೊರೆಹೊಕ್ಕಿತು. ಚಿಕ್ಕ ಚಿಕ್ಕ ಗುಂಪುಗಳು. ಪ್ರತಿ ಗುಂಪಿಗೂ ಆ ಭಾಷೆಯನ್ನು ತಾಯಿಭಾಷೆಯಾಗಿ ಆಡುವವರೊಬ್ಬರು. ದಿನವೂ ಗಂಟೆಗಟ್ಟಲೆ ಅಭ್ಯಾಸ. ಗ್ರಾಮೋಫೋನ್ ತಟ್ಟೆಗಳೂ ಇದ್ದುವು, ಆದರೆ ಅವು ಬರಿಯ ಊರುಗೋಲು. ಫಲ ಚೆನ್ನಾಗಿಯೇ ಬಂತು. ವಿಚಿತ್ರವೆಂದರೆ, ಯುದ್ಧ ಮುಗಿದ ಮೇಲೆ ಶಾಲೆಗಳು ಆ ಪದ್ಧತಿಯಿಂದ ಎರವಲು ಪಡೆದದ್ದು ಹೆಚ್ಚಾಗಿ ಊರುಗೋಲನ್ನೇ!

1957ರ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತು. ಅಮೆರಿಕ ಗಾಬರಿಗೊಂಡಿತು. ಮರುವರ್ಷವೇ ರಾಷ್ಟ್ರರಕ್ಷಣಾ ಶಿಕ್ಷಣ ಶಾಸನ ಜಾರಿಗೆ ಬಂದು, ಗಣಿತ ವಿಜ್ಞಾನಗಳ ಜೊತೆಗೆ ಪರಭಾಷೆಗೂ ಹಣದ ಹೊಳೆ ಹರಿಯಿತು. ಅದುವರೆಗೆ ಪ್ರೌಢಶಾಲೆಗಳಲ್ಲಿ ಅಪರೂಪವಾಗಿದ್ದ ಭಾಷಾ ಪ್ರಯೋಗಾಲಯಗಳು ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆ ಹುಟ್ಟಿಕೊಂಡುವು. ಅವನ್ನು ನಾಲಗೆಯ ಗರಡಿಮನೆಗಳೆಂದೇ ಕರೆಯಬಹುದು. ಒಬ್ಬೊಬ್ಬನಿಗೂ ಒಂದೊಂದು ಗೂಡು. ಟೇಪಿನಲ್ಲಿ ಎರಡು ಹಾದಿ: ಒಂದರಲ್ಲಿ ಉಪಾಧ್ಯಾಯರ ಧ್ವನಿ, ಅದನ್ನು ಅಳಿಸಲು ಬಾರದು, ಇನ್ನೊಂದರಲ್ಲಿ ವಿದ್ಯಾರ್ಥಿಯದು. ಟೇಪು ಪ್ರಶ್ನೆ ಕೇಳುತ್ತದೆ, ತುಸು ಸುಮ್ಮನಿರುತ್ತದೆ. ಹುಡುಗ ಉತ್ತರ ಹೇಳುತ್ತಾನೆ. ಟೇಪು ಸರಿಯುತ್ತರ ಕೊಡುತ್ತದೆ. ಹುಡುಗ ಅದನ್ನು ಮತ್ತೆ ನುಡಿಯುತ್ತಾನೆ. ಆಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಎರಡು ಧ್ವನಿಗಳನ್ನೂ ಹೋಲಿಸಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬೇಕು.

ತೊಡಕು ಇರುವುದು ಇಲ್ಲಿಯೇ. ಉತ್ತರದ ಹಿಂದೀ ಗೆಳೆಯರೊಬ್ಬರಿಗೆ ‘ಹಳ್ಳಿ’ ಎನ್ನಲು ಹೇಳಿ. ‘ಹಲ್ಲಿ’ ಎನ್ನಬಹುದು; ಹಾಗೆಂದುಬಿಟ್ಟು, ಸರಿಯಾಗಿಯೇ ಹೇಳಿದೆನೆಂದು ನಂಬಿಯೂ ಇರಬಹುದು. ಬಳೆಗೂ ಬಲೆಗೂ ಇರುವ ಭೇದ ನಾಲಗೆಗೆ ಬಾರದಿರುವುದು ಆಮೇಲಿನ ಮಾತು. ಮೊದಲು ಅದು ಕಿವಿಗೆ ಬೀಳಬೇಕು. ಅಂಥವರು ಟೇಪನ್ನು ನೂರು ಸಲ ಹಿಂದಕ್ಕೆ ಸುತ್ತಿದರೂ ನೂರು ಸಲ ಹಲ್ಲಿಯೇ! ಅಭ್ಯಾಸದಿಂದ ಗಟ್ಟಿಯಾಗುವುದು ತಪ್ಪು. ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಆರಂಭವಾದ ಮೇಲೆ ಹೊರರಾಜ್ಯಗಳ ಎಷ್ಟೋ ಉಪಾಧ್ಯಾಯರು ಅಲ್ಲಿ ಕನ್ನಡ ಕಲಿತಿದ್ದಾರೆ. ಅವರಿಗೆ ಪಾಠ ಹೇಳಿದವರಿಗೆ ಈ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಪೆಟ್ಟು ಬೇಗನೆ ಬಿತ್ತು. 1963ರಲ್ಲಿ ರೇಮಂಡ್ ಕೀಟಿಂಗ್ ಎಂಬವರು ನ್ಯೂಯಾರ್ಕ್ ಸುತ್ತಿನ ಶಾಲೆಗಳಲ್ಲಿ ಫ್ರೆಂಚ್ ಕಲಿಯುವವರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಮೊದಲ ವರ್ಷದ ಉಚ್ಚಾರಣೆಯನ್ನು ಬಿಟ್ಟರೆ, ಪ್ರಯೋಗಾಲಯವಿಲ್ಲದ ಮಕ್ಕಳೇ ಮುಂದಿದ್ದರು. ಯಂತ್ರದ ಪಕ್ಷದವರು ಸಿಟ್ಟಾದರು. ವಾರಕ್ಕೊಮ್ಮೆ ಕೂರಿಸಿದರೆ ಏನಾದೀತು ಎಂದರು. ಆ ಆಕ್ಷೇಪ ನ್ಯಾಯವಾದುದೇ. ಆದರೆ ಅದೇ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ವಾರಕ್ಕೆರಡು ಸಲ ಕೂತವರಿಗೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಭಾಷೆ ಬರಿಯ ರೂಢಿಯೆಂಬ ಸಿದ್ಧಾಂತವನ್ನೇ ಚಾಮ್‌ಸ್ಕಿ 1959ರಲ್ಲಿ ಅಲುಗಿಸಿದ್ದರು. ಎಷ್ಟೋ ಗೂಡುಗಳಲ್ಲಿ ಧೂಳು ಕೂತಿತು.

ಇಂದಿನ ಸಾಫ್ಟ್‌ವೇರಿಗೆ ಅರ್ಧ ಕಿವಿ ಬಂದಿದೆ. ಅದು ಕಲಿಯುವವನ ದನಿಯನ್ನು ಅಲೆಗಳಾಗಿ ತೆರೆಯ ಮೇಲೆ ಬರೆದು ತೋರಿಸುತ್ತದೆ, ಅಂಕ ಕೊಡುತ್ತದೆ, ಬೇಸರವೆಂಬುದನ್ನರಿಯದು. ನಾಚಿಕೆಯ ಹುಡುಗನಿಗೆ ಇದು ದೊಡ್ಡ ಉಪಕಾರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲಗೆ ಯಾವ ಕಡೆ ಮಡಿಸಬೇಕೆಂದು ಅಂಕ ಹೇಳುವುದಿಲ್ಲ. ಅದಕ್ಕೆಂದೇ ಹಳೆಯ ಪ್ರಯೋಗಾಲಯದಲ್ಲಿ ಉಪಾಧ್ಯಾಯರ ಮೇಜಿನ ಮೇಲೊಂದು ಗುಂಡಿ ಇರುತ್ತಿತ್ತು; ಒತ್ತಿದರೆ ಯಾವ ಗೂಡಿನೊಳಕ್ಕಾದರೂ ಕಿವಿಗೊಟ್ಟು ತಿದ್ದಬಹುದಿತ್ತು. ಈಗಿನ ಸಾಫ್ಟ್‌ವೇರಿನಲ್ಲಿಯೂ ಆ ಅನುಕೂಲವಿದೆ. ಮಕ್ಕಳನ್ನು ಸೇರಿಸಲು ಹೋದ ತಂದೆತಾಯಿಗಳು ಕಂಪ್ಯೂಟರುಗಳು ಎಷ್ಟಿವೆಯೆಂದು ವಿಚಾರಿಸುವುದನ್ನು ಕೇಳಿದ್ದೇನೆ. ಆ ಗುಂಡಿಯ ಮುಂದೆ ಯಾರು ಕೂರುತ್ತಾರೆಂದು ವಿಚಾರಿಸಿದವರನ್ನು ಇನ್ನೂ ಕಂಡಿಲ್ಲ.