ಬೇಟೆ ಕ್ಯಾಂಪ್ ಹೋಯ್ತು, ಹೆಸರು ಉಳೀತು: ಕಾರಾಪುರ, ಕಾಕನಕೋಟೆ, ಬಂಡೀಪುರ, ಕೆ.ಗುಡಿ ಕಥೆ

ಎಚ್.ಡಿ.ಕೋಟೆ ತಾಲ್ಲೂಕಿನ ಕಾರಾಪುರ, ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿ. ಈ ಮೂರು ಹೆಸರು ಕೇಳಿದ ಕೂಡಲೇ ಈಗ ಎಲ್ಲರಿಗೂ ನೆನಪಾಗೋದು ಸಫಾರಿ, ರೆಸಾರ್ಟು, ಕ್ಯಾಮೆರಾ. ಆದರೆ ಇವೆಲ್ಲ ಒಂದು ಕಾಲಕ್ಕೆ ಬೇಟೆಯ ನೆಲ. ಮೈಸೂರು ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಅವರ ಅತಿಥಿಗಳು ಜಿಂಕೆ, ಕಡವೆ, ಕಾಡೆಮ್ಮೆ, ಹುಲಿ ಹೊಡೆಯೋಕೆ ಬಂದು ವಾರಗಟ್ಟಲೆ ಟೆಂಟ್ ಹಾಕಿ ಕೂರ್ತಿದ್ದ ಕಾಡುಗಳಿವು. ಆ ಕ್ಯಾಂಪ್‌ಗಳು ಹೇಗೆ ನಡೀತಿದ್ದವು, ಯಾಕೆ ನಿಂತವು, ಅವನ್ನೇ ನಂಬಿದ್ದ ಜನ ಏನಾದರು, ಈಗ ಕಾನೂನು ಏನು ಹೇಳುತ್ತೆ ಅನ್ನೋ ಪೂರ್ತಿ ಮಾಹಿತಿ ಇಲ್ಲಿದೆ.

ಕ್ಯಾಂಪ್ ಅಂದ್ರೆ ಏನಿರ್ತಿತ್ತು?

ಸಂಕ್ರಾಂತಿ ಕಳೆದು ಎಲೆ ಉದುರಿ, ಕಾಡಿನೊಳಗೆ ಕಣ್ಣು ದೂರಕ್ಕೆ ಹಾಯೋ ಹೊತ್ತಿಗೆ ಬೇಟೆಯ ಕಾಲ ಶುರು. ಹಳ್ಳ ಕೊಳ್ಳ ಬತ್ತಿದ ಮೇಲೆ ಪ್ರಾಣಿಗಳು ಉಳಿದ ನೀರಿನ ಹತ್ತಿರಕ್ಕೇ ಬರಬೇಕು. ಹಾಗಾಗಿ ಕೆರೆ, ಹೊಳೆ ಇರೋ ಕಡೆ ನೋಡಿ ಕ್ಯಾಂಪ್ ಹಾಕ್ತಿದ್ದರು.

ಬಂದೂಕು ಹಿಡಿದವರು ನಾಲ್ಕೈದು ಜನ ಇದ್ದರೆ, ಅವರ ಹಿಂದೆ ದೊಡ್ಡ ದಂಡೇ ಇರ್ತಿತ್ತು. ಸಾಮಾನು ಹೊರೋಕೆ ಎತ್ತಿನ ಗಾಡಿ, ಅಡುಗೆಯವರು, ಕುದುರೆ ಆನೆ ನೋಡಿಕೊಳ್ಳೋರು. ಎಲ್ಲಕ್ಕಿಂತ ಮುಖ್ಯ ಇಬ್ಬರು. ಒಬ್ಬ ಜಾಡು ಹಿಡಿಯುವವನು, ಇನ್ನೊಬ್ಬ ಸೋವುವವನು.

ಜಾಡು ಹಿಡಿಯೋ ಕೆಲಸ ಹೆಚ್ಚಾಗಿ ಜೇನುಕುರುಬರದ್ದು, ಬೆಟ್ಟಕುರುಬರದ್ದು. ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗರದ್ದು. ಮಣ್ಣಿನ ಮೇಲಿನ ಹೆಜ್ಜೆ, ಹಿಕ್ಕೆಯ ಹಸಿ, ಮುರಿದ ಹುಲ್ಲು, ಮರಕ್ಕೆ ಕೊಂಬು ಉಜ್ಜಿದ ಗುರುತು ನೋಡಿ ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ, ಯಾವ ಕಡೆ ಹೋಗಿದೆ ಅಂತ ಹೇಳ್ತಿದ್ದರು. ಕಡವೆ ಒಂದು ಥರ ಕೂಗಿದರೆ ಹತ್ತಿರದಲ್ಲೇ ಹುಲಿಯೋ ಚಿರತೆಯೋ ಇದೆ ಅನ್ನೋ ಲೆಕ್ಕ. ಇವತ್ತು ಸಫಾರಿ ಜೀಪಿನ ಡ್ರೈವರ್ ಎಂಜಿನ್ ಆಫ್ ಮಾಡಿ ಕಿವಿಗೊಡೋದು ಇದೇ ಕೂಗಿಗೆ.

ಸೋವುವವರು ಸುತ್ತಲಿನ ಹಳ್ಳಿಯವರು. ತಮಟೆ, ತಗಡು ಬಡಿದು, ಕೂಗು ಹಾಕಿ, ಒಂದು ಕಡೆಯಿಂದ ಸಾಲಾಗಿ ನಡೆದು ಪ್ರಾಣಿಗಳನ್ನ ಅಟ್ಟಣೆ ಮೇಲೆ ಕೂತ ಬಂದೂಕಿನವರ ಕಡೆ ಓಡಿಸಬೇಕು. ಅಪಾಯ ಇದ್ದದ್ದು ಇವರಿಗೇ. ಗಾಯಗೊಂಡ ಹಂದಿ, ಕಾಟಿ ತಿರುಗಿ ಬಿದ್ದರೆ ಮೊದಲು ಸಿಗ್ತಿದ್ದೋನು ಅಟ್ಟಣೆ ಮೇಲಿದ್ದವನಲ್ಲ, ನೆಲದಲ್ಲಿ ನಡೀತಿದ್ದವನು.

ಊರಿನ ಬೇಟೆ ಬೇರೆ

ದೊಡ್ಡವರ ಕ್ಯಾಂಪ್ ಒಂದು ಕಡೆಯಾದರೆ ಊರಿನವರ ಬೇಟೆ ಇನ್ನೊಂದು ಕಡೆ. ಹಳೆ ಮೈಸೂರು ಭಾಗದಲ್ಲಿ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಊರ ಗಂಡಸರು ಗುಂಪು ಕಟ್ಟಿಕೊಂಡು ಬೇಟೆಗೆ ಹೋಗೋ ರೂಢಿ ಇತ್ತು. ಮೊಲ, ಹಂದಿ, ಸಿಕ್ಕಿದರೆ ಜಿಂಕೆ. ಪಾಲು ಹಂಚೋಕೂ ಕಟ್ಟುಪಾಡಿತ್ತು. ಹೊಡೆದವನಿಗೆ ಒಂದು ಪಾಲು ಹೆಚ್ಚು, ಸೋವಿದವರಿಗೆಲ್ಲ ಪಾಲು, ನಾಯಿ ತಂದವನಿಗೂ ಪಾಲು. ಈಗ ಹೊಸತೊಡಕು ಅಂದ್ರೆ ಬೆಳಿಗ್ಗೆ ಐದಕ್ಕೇ ಮಟನ್ ಅಂಗಡಿ ಮುಂದೆ ಕ್ಯೂ. ಹಬ್ಬ ಹಾಗೇ ಇದೆ, ಮಾಂಸ ಬರೋ ದಾರಿ ಬದಲಾಗಿದೆ.

ಪಕ್ಕದ ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಬರೋ ಕೈಲ್‌ಪೊಳ್ದ್ ಆಯುಧ ಪೂಜೆಯ ಹಬ್ಬ. ನಾಟಿ ಮುಗಿಸಿದ ಮೇಲೆ ಬಂದೂಕು ಪೂಜೆ ಮಾಡಿ ಬೇಟೆಗೆ ಹೋಗ್ತಿದ್ದ ಕಾಲ ಇತ್ತು. ಈಗ ಬಂದೂಕು ಹಿಡಿಯೋದು ತೆಂಗಿನಕಾಯಿಗೆ ಗುರಿ ಇಡೋ ಸ್ಪರ್ಧೆಗೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸ್‌ನಿಂದ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಿದೆ. ಆದರೆ ಅದು ಬಂದೂಕು ಇಟ್ಟುಕೊಳ್ಳೋಕೆ ಮಾತ್ರ. ಬೇಟೆಗೆ ಅಲ್ಲ.

ಕಾಕನಕೋಟೆ ಮತ್ತು ಖೆಡ್ಡಾ

ಬೇಟೆಯ ಮಾತು ಬಂದರೆ ಕಾಕನಕೋಟೆ ಬಿಡೋ ಹಾಗಿಲ್ಲ. ಮೈಸೂರು ಸೀಮೆಯಲ್ಲಿ ಆನೆ ಹಿಡಿಯೋ ಖೆಡ್ಡಾವನ್ನ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಯಶಸ್ವಿಯಾಗಿ ನಡೆಸಿದವನು ಜಿ.ಪಿ. ಸ್ಯಾಂಡರ್ಸನ್. ಆಮೇಲೆ ಕಬಿನಿ ದಡದ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯ್ತು. 1906ರಲ್ಲಿ ವೇಲ್ಸ್ ರಾಜಕುಮಾರ, ಅಂದ್ರೆ ಮುಂದೆ ಐದನೇ ಜಾರ್ಜ್ ದೊರೆಯಾದವರು, ಇಲ್ಲಿಗೆ ಬಂದು ಖೆಡ್ಡಾ ನೋಡಿದರು. 1937ರ ಇಂಗ್ಲಿಷ್ ಸಿನಿಮಾ 'ಎಲಿಫೆಂಟ್ ಬಾಯ್'ನಲ್ಲಿ ಹೀರೋ ಆದ ಸಾಬು ಇದೇ ಕಾರಾಪುರದ ಹುಡುಗ.

ಕೊನೇ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೂ ಮುಂಚೆ 1968ರ ಖೆಡ್ಡಾದಲ್ಲಿ ಹಿಡಿದ ಆನೆಗಳಲ್ಲಿ ಒಂದು ಅರ್ಜುನ. 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಅದೇ ಅರ್ಜುನ, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಸತ್ತಿತು.

ಯಾಕೆ ನಿಂತವು?

ಒಂದೇ ದಿನ ನಿಂತದ್ದಲ್ಲ. ಒಂದರ ಹಿಂದೆ ಒಂದು ಕಾರಣ ಸೇರಿಕೊಂಡವು.

1. ಮೀಸಲು ಕಾಡು: ಮೈಸೂರು ಸಂಸ್ಥಾನದಲ್ಲೇ 1901ರಲ್ಲಿ ಬೇಟೆ ಮತ್ತು ಮೀನಿನ ಬಗ್ಗೆ ಕಾನೂನು ಬಂತು. 1931ರಲ್ಲಿ ಬಂಡೀಪುರದಲ್ಲಿ 90 ಚದರ ಕಿ.ಮೀ. ಕಾಡನ್ನ ಅಭಯಾರಣ್ಯ ಅಂತ ಬೇರೆ ಮಾಡಿದರು. 1941ರಲ್ಲಿ ಅದನ್ನ 800 ಚದರ ಕಿ.ಮೀ.ಗೂ ಹೆಚ್ಚು ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಕರೆದರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದು. ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಯ್ತು.

2. ಜೀಪು ಮತ್ತು ಲೈಟು: ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪು, ಪವರ್‌ಫುಲ್ ಟಾರ್ಚು, ಒಳ್ಳೇ ಬಂದೂಕು ಸುಲಭಕ್ಕೆ ಸಿಗೋಕೆ ಶುರುವಾದವು. ಜಾಡು ಹಿಡಿದು ನಡೆಯೋದು ಹೋಗಿ, ರಾತ್ರಿ ಹೆಡ್‌ಲೈಟ್ ಬೆಳಕಲ್ಲಿ ಕಣ್ಣು ಹೊಳೆದ ಕಡೆ ಗುಂಡು ಹೊಡೆಯೋದು ಬಂತು. ನಿಂತ ಜಿಂಕೆಗೆ ಗುಂಡು ಹೊಡೆಯೋಕೆ ಕ್ಯಾಂಪೂ ಬೇಡ, ಸೋಲಿಗನೂ ಬೇಡ. ಪ್ರಾಣಿ ಕಡಿಮೆಯಾಗ್ತಾ ಬಂದವು.

3. ರಾಜರ ಕಾಲ ಮುಗಿಯಿತು: ಕ್ಯಾಂಪ್‌ಗೆ ದುಡ್ಡು ಹಾಕ್ತಿದ್ದೋರು ಅರಮನೆ ಮತ್ತು ಸಾಹೇಬರು. 1947ರ ನಂತರ ಸಾಹೇಬರು ಹೋದರು. 1971ರಲ್ಲಿ ರಾಜಧನ ರದ್ದಾಯ್ತು. ಸ್ವತಃ ಬೇಟೆ ಬಲ್ಲವರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ 1952ರಲ್ಲಿ ಶುರುವಾದ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು ಅನ್ನೋದು ಇಲ್ಲಿ ನೆನಪಿಡಬೇಕಾದ ವಿಷಯ.

4. 1972ರ ಕಾಯ್ದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಲಿಯಂಥ ಪ್ರಾಣಿಗಳ ಬೇಟೆ ಪೂರ್ತಿ ನಿಂತಿತು. ಆದರೆ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪಡೆದು ಬೇಟೆಯಾಡೋ ಅವಕಾಶ ಕಾಗದದ ಮೇಲೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದು ಹಾಕಿತು.

5. ಹುಲಿ ಯೋಜನೆ ಮತ್ತು ಡ್ಯಾಂ: 1973ರಲ್ಲಿ ದೇಶದ ಮೊದಲ 9 ಹುಲಿ ಮೀಸಲು ಪ್ರದೇಶಗಳಲ್ಲಿ ಬಂಡೀಪುರ ಒಂದಾಯ್ತು. ಅದೇ ವರ್ಷ ಅರಣ್ಯಾಧಿಕಾರಿಯೇ ಹೀರೋ ಆಗಿದ್ದ 'ಗಂಧದ ಗುಡಿ' ಸಿನಿಮಾ ಬಂತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದಾಗ ಕಾಕನಕೋಟೆ ಕಾಡಿನ ತಗ್ಗು ಜಾಗ ನೀರಿನಡಿ ಸೇರಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಾಣೋ ಹಸಿರು ಬಯಲಿಗೆ ಇವತ್ತಿಗೂ ಆನೆ, ಜಿಂಕೆ ಹಿಂಡು ಬರುತ್ತವೆ.

ವ್ಯಾಪಾರವೂ ಹೋಯ್ತು

ಬೇಟೆ ಹಿಂದೆ ಒಂದು ಮಾರ್ಕೆಟ್ಟೂ ಇತ್ತು. ಗಾಡಿ ಬಾಡಿಗೆ, ದಿನಸಿ, ಹುಲ್ಲು, ಕೂಲಿ, ಎಲ್ಲ ಸುತ್ತಲಿನ ಹಳ್ಳಿ ಸಂತೆಗಳಿಂದಲೇ ಹೋಗಬೇಕು. ಮೈಸೂರಿನಲ್ಲಿ ವಾನ್ ಇಂಗನ್ ಕುಟುಂಬದ ಕಾರ್ಖಾನೆ ಇತ್ತು. ಹೊಡೆದ ಪ್ರಾಣಿಯ ಚರ್ಮ ಹದ ಮಾಡಿ, ಒಳಗೆ ತುಂಬಿ ಜೀವ ಇದ್ದ ಹಾಗೆ ನಿಲ್ಲಿಸಿ ಕೊಡೋ ಕೆಲಸ ಅವರದ್ದು. ಅಲ್ಲಿ ತಯಾರಾದ ಹುಲಿ, ಚಿರತೆಗಳೇ ಅಂದಾಜು 43 ಸಾವಿರ ಅನ್ನುತ್ತಾರೆ. ಬೇಟೆ ನಿಂತ ಮೇಲೆ ಕೆಲಸ ಕಡಿಮೆಯಾಗ್ತಾ ಬಂದು 1999ರಲ್ಲಿ ಬಾಗಿಲು ಮುಚ್ಚಿತು.

ಕ್ಯಾಂಪ್ ಜಾಗಕ್ಕೆ ಪ್ರವಾಸೋದ್ಯಮ ಬಂತು. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದ ಹಳೇ ಬಂಗಲೆಗಳನ್ನ ಲಾಡ್ಜ್ ಮಾಡಿತು. ಅದನ್ನ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಕೂಡ ಮೊದಲು ಬೇಟೆಗಾರ. 2010ರಲ್ಲಿ ತೀರಿಕೊಳ್ಳೋವರೆಗೂ ಅವರು ಕಬಿನಿಯಲ್ಲೇ ಇದ್ದರು. ಕೆ.ಗುಡಿಯಲ್ಲೂ ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲೇ ಈಗ ಪ್ರವಾಸಿಗರ ಕ್ಯಾಂಪ್.

ಜಾಡು ಹಿಡಿಯುತ್ತಿದ್ದವರ ಗತಿ ಏನಾಯ್ತು?

ಬೇಟೆ ನಿಂತಾಗ ಬಂದೂಕಿನವರಿಗೆ ಹೋದದ್ದು ಒಂದು ಹವ್ಯಾಸ. ಕಾಡಿನ ಜನಕ್ಕೆ ಹೋದದ್ದು ಕೂಲಿ. ಅದರ ಬೆನ್ನಿಗೇ ಮನೆಯೂ ಹೋಯ್ತು. ಅಭಯಾರಣ್ಯ, ಹುಲಿ ಯೋಜನೆ, ಡ್ಯಾಂ ಹೆಸರಲ್ಲಿ ಎಷ್ಟೋ ಹಾಡಿಗಳು ಕಾಡಿನಿಂದ ಹೊರಗೆ ಬಂದವು. ಕಾಡಂಚಿನ ಪುನರ್ವಸತಿ ಕಾಲೋನಿಗೆ ಬಂದವರಲ್ಲಿ ಹಲವರು ಕೊಡಗಿನ ಕಾಫಿ ತೋಟದ ಕೂಲಿಗೆ ಹೋದರು. ಜಾಡು ಓದೋ ವಿದ್ಯೆ ತೋಟದಲ್ಲಿ ಯಾವ ಉಪಯೋಗಕ್ಕೂ ಬರಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಸ್ವಲ್ಪ ಬದಲಾವಣೆ ಆಯ್ತು. ಬಿಳಿಗಿರಿರಂಗನ ಬೆಟ್ಟವನ್ನ 2011ರ ಜನವರಿಯಲ್ಲಿ ಹುಲಿ ಮೀಸಲು ಅಂತ ಘೋಷಿಸಿದರು. ಅದೇ ವರ್ಷ ಅಲ್ಲಿನ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಈ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಾಗರಹೊಳೆ ಕಡೆಯ ಹಾಡಿಗಳಲ್ಲಿ ಹಕ್ಕುಪತ್ರದ ಹೋರಾಟ ಮುಗಿದಿಲ್ಲ.

ಈಗ ಕಾನೂನು ಏನು ಹೇಳುತ್ತೆ?

ಅಂಗಡಿ, ಹೋಟೆಲ್, ಡಾಬಾ ಇಟ್ಟವರು, ಕಾಡಂಚಿನ ರೈತರು ತಿಳಿದಿರಬೇಕಾದದ್ದು ಇಷ್ಟು:

* ಜಿಂಕೆ, ಕಡವೆ, ಕಾಡುಕುರಿ, ಕಾಡುಹಂದಿ ಯಾವುದನ್ನೂ ಬೇಟೆಯಾಡುವಂತಿಲ್ಲ. ಉರುಳು ಹಾಕೋದು, ವಿಷ ಇಡೋದು, ತಂತಿಗೆ ಕರೆಂಟ್ ಕೊಡೋದೂ ಬೇಟೆಯೇ. ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ, ಹುಲಿ ಬಿದ್ದು ಸತ್ತರೆ ಕೇಸು ಇನ್ನೂ ದೊಡ್ಡದು.
* 2022ರ ತಿದ್ದುಪಡಿ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂ. ದಂಡ. ಬಳಸಿದ ಬಂದೂಕು, ಬೈಕು, ಜೀಪು ಜಪ್ತಿ.
* ಕಾಡುಮಾಂಸ ಮಾರೋದು ಮಾತ್ರ ಅಲ್ಲ, ಕೊಳ್ಳೋದು, ಇಟ್ಟುಕೊಳ್ಳೋದೂ ಅಪರಾಧ. 'ಊರಿನವರು ತಂದುಕೊಟ್ಟರು' ಅಂದರೆ ನಡೆಯಲ್ಲ.
* ಕೊಂಬು, ಚರ್ಮ, ಹಲ್ಲು, ಉಗುರಿಗೂ ಇದೇ ಕಾನೂನು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಚಾರ ರಾಜ್ಯದಲ್ಲೆಲ್ಲ ಸುದ್ದಿಯಾದಾಗ ಎಷ್ಟೋ ಮನೆಯವರು ಅಜ್ಜನ ಕಾಲದ ಪೆಟ್ಟಿಗೆ ತೆಗೆದು ನೋಡಿದರು. ಮಾಲೀಕತ್ವದ ಪತ್ರ ಇಲ್ಲದ ಜಿಂಕೆ ಕೊಂಬು ಗೋಡೆ ಮೇಲಿದ್ದರೂ ತೊಂದರೆಯೇ.
* ಪ್ರಾಣ ಉಳಿಸಿಕೊಳ್ಳೋಕೆ ಬೇರೆ ದಾರಿ ಇಲ್ಲದೆ ಪ್ರಾಣಿಯನ್ನ ಕೊಂದರೆ ಅದು ಅಪರಾಧ ಅಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ್ದು.
* ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಇದ್ದರೂ ಅದು ಪ್ರಾಣಿ ಹೊಡೆಯೋಕೆ ಕೊಟ್ಟ ಅನುಮತಿ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇರೆಯೇ ಬೇಕು.

ರೈತನ ಪ್ರಶ್ನೆ

2022ರ ಗಣತಿ ಪ್ರಕಾರ ರಾಜ್ಯದಲ್ಲಿ 563 ಹುಲಿ. ಅದರಲ್ಲಿ ಬಂಡೀಪುರದ್ದೇ 150, ನಾಗರಹೊಳೆಯದ್ದು 141. ಹುಲಿ ಇಷ್ಟಿವೆ ಅಂದ್ರೆ ಅದರ ಊಟವಾದ ಜಿಂಕೆ, ಕಡವೆ ಕಾಡಲ್ಲಿ ಚೆನ್ನಾಗಿವೆ ಅಂತಲೇ ಅರ್ಥ. ಬೇಟೆ ನಿಂತದ್ದರ ಫಲ ಇದು, ಇದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಜಿಂಕೆ ಹಿಂಡು ರಾತ್ರಿ ರಾಗಿ, ಹುರುಳಿ ಹೊಲಕ್ಕೆ ಇಳಿಯುತ್ತೆ. ಹಂದಿ ಬಂದರೆ ಜೋಳ, ಗೆಣಸು ಉಳಿಯಲ್ಲ. ಆನೆ ಬಂದರೆ ಸುದ್ದಿಯಾಗುತ್ತೆ, ಇಲಾಖೆಯವರೂ ಓಡಿ ಬರ್ತಾರೆ. ಜಿಂಕೆ ತಿಂದರೆ ಯಾರೂ ಕೇಳಲ್ಲ ಅನ್ನೋದು ಕಾಡಂಚಿನ ರೈತರ ಹಳೇ ದೂರು. ಸೋಲಾರ್ ಬೇಲಿ, ಕಂದಕ, ರೈಲ್ವೆ ಕಂಬಿ ಬೇಲಿ ಎಲ್ಲವೂ ಮುಖ್ಯವಾಗಿ ಆನೆ ತಡೆಯೋಕೆ ಮಾಡಿದ್ದು. ಬೆಳೆ ಹಾನಿಯಾದರೆ ಫೋಟೋ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ತಕ್ಷಣ ಅರ್ಜಿ ಕೊಡಬೇಕು. ತಡ ಮಾಡಿದರೆ ಸ್ಥಳ ಪರಿಶೀಲನೆಗೆ ಗುರುತೇ ಉಳಿಯಲ್ಲ.

ಈಗಿನ ಕ್ಯಾಂಪ್

ಕಾಡಿನೊಳಗೆ ಇವತ್ತೂ ಕ್ಯಾಂಪ್‌ಗಳಿವೆ. ಹೆಸರು ಕಳ್ಳಬೇಟೆ ತಡೆ ಶಿಬಿರ. ಒಂದು ಸಣ್ಣ ಶೆಡ್ಡು, ಸುತ್ತ ಆನೆ ಕಂದಕ, ಒಂದು ವಾಕಿಟಾಕಿ, ನಾಲ್ಕೈದು ಜನ ವಾಚರ್‌ಗಳು. ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ ದಿನಗಟ್ಟಲೆ ಅಲ್ಲೇ ಇದ್ದು, ಬೆಳಿಗ್ಗೆ ಸಂಜೆ ನಡೆದು ಉರುಳು ಹುಡುಕಿ ಕೀಳ್ತಾರೆ. ಬೇಸಿಗೆಯಲ್ಲಿ ಬೆಂಕಿ ಆರಿಸೋದೂ ಇವರೇ. ಹುಲಿ ಗಣತಿಗೆ ಹೆಜ್ಜೆ, ಹಿಕ್ಕೆ ಗುರುತಿಸೋದೂ ಇವರೇ.

ಅವರಲ್ಲಿ ಬಹಳ ಜನ ಜೇನುಕುರುಬ, ಬೆಟ್ಟಕುರುಬ, ಸೋಲಿಗ ಹುಡುಗರು. ತಾತ ಸಾಹೇಬರಿಗೆ ಜಾಡು ತೋರಿಸ್ತಿದ್ದ, ಮೊಮ್ಮಗ ಬೇಟೆಗಾರನ ಜಾಡು ಹಿಡೀತಾನೆ. ವ್ಯತ್ಯಾಸ ಇಷ್ಟೇ, ತಾತನಿಗೆ ಕೂಲಿ ಬೇಟೆ ಕಾಲದಲ್ಲಿ ಮಾತ್ರ, ಮೊಮ್ಮಗನಿಗೆ ವರ್ಷಪೂರ್ತಿ. ಆದರೂ ಇವರಲ್ಲಿ ಹೆಚ್ಚಿನವರದ್ದು ದಿನಗೂಲಿ ಇಲ್ಲವೇ ಗುತ್ತಿಗೆ ಕೆಲಸ. ಕೆಲಸ ಕಾಯಂ ಮಾಡಿ ಅನ್ನೋ ಇವರ ಬೇಡಿಕೆಗೆ ಇನ್ನೂ ಉತ್ತರ ಸಿಕ್ಕಿಲ್ಲ.